ಜೇಡ ಕಚ್ಚಲಿ ಅಂತ ಕಾಯ್ತಾ ಕೂತವರಿಗೆ

ಸ್ಪೈಡರ್ ಮ್ಯಾನ್ ಕಥೆ ಗೊತ್ತಿಲ್ಲದವರು ನಮ್ಮ ಕ್ಯಾಂಪಸ್ಸಿನಲ್ಲಿ ಸಿಗೋದು ಕಷ್ಟ. ಮೆಸ್ಸಿನ ಕ್ಯೂನಲ್ಲಿ ತಟ್ಟೆ ಹಿಡಿದು ನಿಂತವರನ್ನ ಕೇಳಿದ್ರೂ ಅನ್ನ ಬಡಿಸೋಷ್ಟರಲ್ಲಿ ಹೇಳಿ ಮುಗಿಸ್ತಾರೆ. ಪೀಟರ್ ಪಾರ್ಕರ್ ಅಂತ ಒಬ್ಬ ಸಾಧಾರಣ ಹುಡುಗ, ಜೇಡ ಕಚ್ಚಿತು, ಶಕ್ತಿ ಬಂತು, ಬೆನ್ ಅಂಕಲ್ ಶಕ್ತಿ, ಜವಾಬ್ದಾರಿ ಅಂತ ಒಂದು ಡೈಲಾಗ್ ಹೇಳಿ ತೀರಿಕೊಂಡ್ರು, ಹುಡುಗ ಹೀರೋ ಆದ. ಅಷ್ಟೇ.

ಘಟನೆಗಳು ಹೆಚ್ಚುಕಮ್ಮಿ ಸರಿ. ಅದರಿಂದ ತೆಗೆಯೋ ಅರ್ಥ ಮಾತ್ರ ತಲೆಕೆಳಗು ಅಂತ ನಮ್ಮ ವಾದ. ಆ ಡೈಲಾಗನ್ನ ಕ್ಯಾಂಪಸ್ಸಿನಲ್ಲಿ ಎಲ್ಲರೂ ಕೇಳಿಸಿಕೊಳ್ಳೋದು ಒಂದು ಟೈಮ್‌ಟೇಬಲ್ ಥರ. ಮೊದಲು ಶಕ್ತಿ ಬರಲಿ, ಜವಾಬ್ದಾರಿ ಆಮೇಲೆ. ಮೊದಲು ಪ್ಲೇಸ್‌ಮೆಂಟ್ ಆಗಲಿ, ಆಫರ್ ಲೆಟರ್ ಕೈಗೆ ಸಿಗಲಿ, ಎಜುಕೇಶನ್ ಲೋನ್ ತೀರಲಿ, ಸಮಾಜ ಗಿಮಾಜ ಎಲ್ಲ ಆಮೇಲೆ ನೋಡೋಣ. ಈಗ ನಾವೇನು, ಬರೀ ಸ್ಟೂಡೆಂಟ್ಸು, ನಮ್ಮ ಕೈಲಿ ಏನಿದೆ? ಹೀಗೆ ಹೇಳಿಕೊಂಡು ನಾಲ್ಕು ವರ್ಷ ಆರಾಮಾಗಿ ಕಳೆದುಬಿಡಬಹುದು. ಆದರೆ 1962ರ ಮೂಲ ಕಾಮಿಕ್ಸನ್ನ ಕೂತು ಓದಿದ್ರೆ ಈ ಆರಾಮು ಉಳಿಯಲ್ಲ.

ಮೊದಲು ಆ ಪುಸ್ತಕದ ಬಗ್ಗೆ. 'ಅಮೇಜಿಂಗ್ ಫ್ಯಾಂಟಸಿ' ಅನ್ನೋ ಪತ್ರಿಕೆಯ 15ನೇ ಸಂಚಿಕೆ, ಆಗಸ್ಟ್ 1962, ಬೆಲೆ 12 ಸೆಂಟ್. ಬರವಣಿಗೆ ಸ್ಟ್ಯಾನ್ ಲೀ, ಚಿತ್ರ ಸ್ಟೀವ್ ಡಿಟ್ಕೊ. ಪತ್ರಿಕೆ ಹೇಗೂ ಮುಚ್ಚೋದರಲ್ಲಿತ್ತು, ಅದೇ ಕೊನೇ ಸಂಚಿಕೆ. ಸ್ಟ್ಯಾನ್ ಲೀ ಆಮೇಲೆ ಎಷ್ಟೋ ಕಡೆ ಹೇಳಿಕೊಂಡ ಹಾಗೆ, ಪ್ರಕಾಶಕ ಮಾರ್ಟಿನ್ ಗುಡ್‌ಮನ್‌ಗೆ ಈ ಐಡಿಯಾ ಒಂಚೂರೂ ಹಿಡಿಸಿರಲಿಲ್ಲ. ಜೇಡ ಕಂಡ್ರೆ ಜನ ಅಸಹ್ಯ ಪಡ್ತಾರೆ, ಟೀನೇಜ್ ಹುಡುಗ ಹೀರೋ ಆಗೋಕಾಗಲ್ಲ, ಬೇಕಾದ್ರೆ ಹೀರೋ ಹಿಂದೆ ಓಡಾಡೋ ಬಾಲಂಗೋಚಿ ಆಗಬಹುದು ಅನ್ನೋದು ಅವರ ಲೆಕ್ಕ. ಆಗಿನ ಕಾಮಿಕ್ಸ್ ನೋಡಿದ್ರೆ ಆ ಲೆಕ್ಕ ತೀರಾ ಹುಚ್ಚೇನಲ್ಲ. ಬ್ಯಾಟ್‌ಮನ್ ಹಿಂದೆ ರಾಬಿನ್, ಕ್ಯಾಪ್ಟನ್ ಅಮೆರಿಕ ಹಿಂದೆ ಬಕ್ಕಿ. 1940ರಲ್ಲಿ ಬಂದ ಬಿಲ್ಲಿ ಬ್ಯಾಟ್ಸನ್ ಅನ್ನೋ ಹುಡುಗ 'ಶಜಾಮ್' ಅಂದ ಕೂಡಲೇ ಶಕ್ತಿ ಬರ್ತಿತ್ತು, ನಿಜ. ಆದರೆ ಅವನು ಆಗ ಹುಡುಗನಾಗಿ ಉಳೀತಿರಲಿಲ್ಲ, ಎತ್ತರದ ದೊಡ್ಡ ಗಂಡಸಾಗಿಬಿಡ್ತಿದ್ದ. ಪೀಟರ್‌ಗೆ ಆ ಸೌಲಭ್ಯ ಇಲ್ಲ. ಶಕ್ತಿ ಬಂದ ಮೇಲೂ ಅವನು ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿರೋ ತನ್ನ ಮಿಡ್‌ಟೌನ್ ಹೈಸ್ಕೂಲಿಗೇ ಹೋಗಬೇಕು, ಅದೇ ಬೆಂಚಲ್ಲೇ ಕೂರಬೇಕು.

(ಜೇಡ ಅಂದ ತಕ್ಷಣ ನಮ್ಮ ಮನೆಗಳ ಹಿರಿಯರಿಗೆ ನೆನಪಾಗೋದು 1968ರ ಅಣ್ಣಾವ್ರ 'ಜೇಡರ ಬಲೆ'. ಅದು ಸಿಐಡಿ 999. ನಮ್ಮ ಹುಡುಗನಿಗೂ ಅದಕ್ಕೂ ಸಂಬಂಧ ಇಲ್ಲ, ಹೆಸರು ಮಾತ್ರ ಚೆನ್ನಾಗಿದೆ.)

ಇಡೀ ಕಥೆ ಇರೋದು 11 ಪುಟ. ಮೊದಲ ಪುಟದಲ್ಲೇ ಒಂದು ಗುಂಪು ನಗ್ತಾ ನಿಂತಿದೆ, ಕನ್ನಡಕ ಹಾಕಿದ ಈ ಹುಡುಗ ಪಕ್ಕದಲ್ಲಿ ಒಂಟಿ. ಸೈನ್ಸ್ ಎಕ್ಸಿಬಿಶನ್‌ಗೆ ಬರ್ತೀರಾ ಅಂತ ಕ್ಲಾಸ್‌ಮೇಟ್ಸನ್ನ ಕರೀತಾನೆ, ಅವರು ನಕ್ಕು ಕಾರು ಹತ್ತಿ ಹೋಗ್ತಾರೆ. ಒಬ್ಬನೇ ಹೋಗ್ತಾನೆ, ವಿಕಿರಣ ತಗುಲಿದ ಜೇಡ ಕಚ್ಚುತ್ತೆ. ಆಮೇಲೆ ಏನು ಮಾಡ್ತಾನೆ? ಜನರನ್ನ ಕಾಪಾಡೋಕೆ ಹೊರಡ್ತಾನಾ? ಇಲ್ಲ. ಕುಸ್ತಿ ಅಖಾಡದಲ್ಲಿ ಕ್ರಶರ್ ಹೋಗನ್ ಜೊತೆ 3 ನಿಮಿಷ ನಿಂತವರಿಗೆ 100 ಡಾಲರ್ ಅಂತ ಬೋರ್ಡ್ ನೋಡಿ ಅಲ್ಲಿಗೆ ಹೋಗ್ತಾನೆ. ಗೆಲ್ತಾನೆ. ಅಲ್ಲಿಂದ ಟಿವಿ ಶೋ. ಇದು ನಮಗೆ ತುಂಬಾ ಇಷ್ಟ, ಯಾಕಂದ್ರೆ ಇದು ಸತ್ಯ. ನಮ್ಮಲ್ಲಿ ಯಾರಿಗೇ ನಾಳೆ ಬೆಳಿಗ್ಗೆ ಗೋಡೆ ಹತ್ತೋ ಶಕ್ತಿ ಬಂದ್ರೂ ಮಧ್ಯಾಹ್ನದ ಹೊತ್ತಿಗೆ ರೀಲ್ಸ್ ಬಂದಿರುತ್ತೆ.

ಇನ್ನೊಂದು ವಿಷಯ. ಜೇಡ ಕಚ್ಚಿ ಅವನಿಗೆ ಬಂದದ್ದು ಬಲ, ಚುರುಕು, ಗೋಡೆಗೆ ಅಂಟೋ ಗುಣ. ಬಲೆ ಬರಲಿಲ್ಲ. ಬಲೆ ಎಸೆಯೋ ಯಂತ್ರ, ಅದರೊಳಗಿನ ಅಂಟು ದ್ರವ, ಎರಡನ್ನೂ ಅವನೇ ಮನೇಲಿ ಕೂತು ಮಾಡ್ತಾನೆ. ಡ್ರೆಸ್ಸೂ ಅವನೇ. ಮುಂದಿನ ಸಂಚಿಕೆಗಳಲ್ಲಿ ಆ ದ್ರವ ಬೇಡದ ಹೊತ್ತಲ್ಲಿ ಖಾಲಿಯಾಗುತ್ತೆ, ಅದಕ್ಕೇ ಸೊಂಟದ ಬೆಲ್ಟಿನಲ್ಲಿ ಸ್ಪೇರ್ ಕಾರ್ಟ್ರಿಜ್ ಇಟ್ಟುಕೊಂಡು ಓಡಾಡ್ತಾನೆ. ಒಂದು ಗಂಟೆ ಆದ್ರೆ ಬಲೆ ಕರಗಿಹೋಗುತ್ತೆ. ಇದನ್ನ ಬಡವರ ಮನೆ ಇಂಜಿನಿಯರಿಂಗ್ ಅಂತ ಕರೆಯದೆ ಇನ್ನೇನಂತ ಕರೆಯೋದು? 2002ರ ಸಿನಿಮಾದಲ್ಲಿ ಬಲೆ ಮಣಿಕಟ್ಟಿನಿಂದ ತಾನಾಗೇ ಬರೋ ಹಾಗೆ ಮಾಡಿದ್ರು. ಹೈಸ್ಕೂಲ್ ಹುಡುಗ ಇಂಥ ಅಂಟು ಕಂಡುಹಿಡಿಯೋದನ್ನ ನಂಬೋಕಾಗಲ್ಲ ಅನ್ನೋ ವಾದ ಆವಾಗಿಂದ ಕೇಳ್ತಾನೇ ಇದ್ದೀವಿ. ಜೇಡ ಕಚ್ಚಿ ಗೋಡೆ ಹತ್ತೋದನ್ನ ನಂಬಬಹುದು, ಒಬ್ಬ ಹುಡುಗ ಕೆಮಿಸ್ಟ್ರಿ ಓದಿ ಏನೋ ಮಾಡಿದ ಅಂದ್ರೆ ನಂಬೋಕಾಗಲ್ಲ! ನಮ್ಮ ಬ್ರಾಂಚಿನವರಿಗೆ ಇದಕ್ಕಿಂತ ಅವಮಾನ ಬೇಕಾ?

ಆಮೇಲಿನ ಸಿನಿಮಾಗಳಲ್ಲಿ ಟೋನಿ ಸ್ಟಾರ್ಕ್ ಬಂದ. 2016ರಲ್ಲಿ ಕ್ವೀನ್ಸ್‌ನ ಮನೆಗೇ ಬಂದು ಹುಡುಗನನ್ನ ಕರ್ಕೊಂಡು ಹೋದ, ಹೈಟೆಕ್ ಸೂಟ್ ಕೊಟ್ಟ. 2017ರ 'ಹೋಮ್‌ಕಮಿಂಗ್'ನಲ್ಲಿ ಇದಕ್ಕೆ ಇಟ್ಟ ಹೆಸರೇ ಸ್ಟಾರ್ಕ್ ಇಂಟರ್ನ್‌ಶಿಪ್. ಆ ಸಿನಿಮಾ ನಮಗೂ ಇಷ್ಟ, ಮೂರು ಸಲ ನೋಡಿದವರು ನಮ್ಮಲ್ಲೇ ಇದ್ದಾರೆ. ಆದರೆ ಕೋಟ್ಯಧಿಪತಿಯ ರೆಫರೆನ್ಸ್ ಇರೋ ಹುಡುಗನನ್ನ ಸಾಧಾರಣ ಹುಡುಗ ಅನ್ನೋದು ಹೇಗೆ? ನಮ್ಮೂರಲ್ಲಿ ಅದಕ್ಕೆ ಇನ್‌ಫ್ಲುಯೆನ್ಸ್ ಅಂತಾರೆ. ಸಿನಿಮಾದವರಿಗೂ ಇದು ಗೊತ್ತಿತ್ತು ಅನ್ಸುತ್ತೆ, ಅದಕ್ಕೇ ಸೂಟ್ ಕಿತ್ಕೊಂಡು ಅವನನ್ನ ಕಟ್ಟಡದ ಅವಶೇಷದ ಕೆಳಗೆ ಸಿಕ್ಕಿಸಿದ್ರು. 2021ರ 'ನೋ ವೇ ಹೋಮ್' ಕೊನೆಯಲ್ಲಿ ಯಾರಿಗೂ ಅವನ ನೆನಪಿಲ್ಲ, ಪುಟ್ಟ ಬಾಡಿಗೆ ರೂಮು, ಹೊಲಿಗೆ ಮೆಷಿನ್ನು, ತಾನೇ ಹೊಲಿದ ಡ್ರೆಸ್ಸು. ಆ ಮೂರು ಸಿನಿಮಾ ಸುತ್ತಿ ಬಂದು ಸೇರಿದ್ದು 1962ರ ಹುಡುಗನ ಹತ್ತಿರಕ್ಕೇ.

ಈಗ ಮುಖ್ಯ ಜಾಗಕ್ಕೆ ಬರೋಣ. ಟಿವಿ ಶೋ ಮುಗಿಸಿ ಪೀಟರ್ ಕಾರಿಡಾರಿನಲ್ಲಿ ನಿಂತಿದಾನೆ. ಒಬ್ಬ ಕಳ್ಳ ಓಡಿ ಬರ್ತಾನೆ, ಹಿಂದೆ ಪೊಲೀಸು ಹಿಡೀರಿ ಹಿಡೀರಿ ಅಂತ ಕೂಗ್ತಾ ಬರ್ತಿದಾನೆ. ಪೀಟರ್ ಅಲ್ಲಾಡಲ್ಲ. ಕಳ್ಳ ಲಿಫ್ಟ್ ಹತ್ತಿ ತಪ್ಪಿಸಿಕೊಳ್ತಾನೆ. ಯಾಕಪ್ಪ ಸುಮ್ನೆ ನಿಂತೆ ಅಂತ ಪೊಲೀಸು ಬೈದ್ರೆ, ಅದು ನಿನ್ನ ಕೆಲಸ, ನನ್ನದಲ್ಲ, ಇನ್ಮೇಲೆ ನಾನು ನನ್ನನ್ನ ನೋಡ್ಕೊಳ್ತೀನಿ ಅನ್ನೋ ಅರ್ಥದಲ್ಲಿ ಉತ್ತರ ಕೊಡ್ತಾನೆ. ಕನ್ನಡದಲ್ಲಿ ಇದಕ್ಕೆ ಎರಡೇ ಪದ ಸಾಕು: ನಮಗ್ಯಾಕೆ, ಬಿಡು. ಮನೇಲಿ ಬೆನ್ ಅಂಕಲ್, ಮೇ ಆಂಟಿ ಅವನು ಆಸೆ ಪಟ್ಟಿದ್ದ ಮೈಕ್ರೋಸ್ಕೋಪ್ ತಂದುಕೊಡ್ತಾರೆ. ಸ್ವಲ್ಪ ದಿನಕ್ಕೆ ಬೆನ್ ಅಂಕಲ್ ಕೊಲೆ. ಕೊಲೆಗಾರನನ್ನ ಹಿಡಿದು ಮುಖ ನೋಡಿದ್ರೆ ಅದೇ ಕಳ್ಳ.

ಇಲ್ಲಿ ಒಂದು ಪ್ರಶ್ನೆ. ಆ ಕಳ್ಳನನ್ನ ತಡೆಯೋಕೆ ಜೇಡದ ಶಕ್ತಿ ಬೇಕಿತ್ತಾ? ಕಾಲು ಅಡ್ಡ ಇಟ್ಟಿದ್ರೆ ಸಾಕಿತ್ತು. ಎರಡು ಸೆಕೆಂಡ್ ದಾರಿಗೆ ಅಡ್ಡ ನಿಂತಿದ್ರೂ ಪೊಲೀಸು ಬಂದು ಹಿಡೀತಿದ್ದ. ಕಾರಿಡಾರಿನಲ್ಲಿ ಕಾಫಿ ಕೊಡೋ ಹುಡುಗ ಕೂಡ ಮಾಡಬಹುದಾಗಿದ್ದ ಕೆಲಸ ಅದು. ಅಂದ್ರೆ ಪೀಟರ್ ತಪ್ಪಿದ್ದು ಸ್ಪೈಡರ್ ಮ್ಯಾನ್ ಆಗಿ ಅಲ್ಲ, ಪೀಟರ್ ಆಗಿ. ಅವನು ಶಕ್ತಿಯನ್ನ ಕೆಟ್ಟದ್ದಕ್ಕೆ ಬಳಸಲಿಲ್ಲ, ಯಾರಿಗೂ ಹೊಡೀಲಿಲ್ಲ, ಕದೀಲಿಲ್ಲ. ಏನೂ ಮಾಡಲಿಲ್ಲ, ಅಷ್ಟೇ. ಇಡೀ ಕಥೆಯ ದುರಂತ ನಿಂತಿರೋದು ಈ ಏನೂ ಮಾಡದೇ ಇರೋದರ ಮೇಲೆ. ಅದಕ್ಕೆ ಸೂಪರ್‌ಪವರ್ ಬೇಡ, ನಮ್ಮೆಲ್ಲರಿಗೂ ಅದು ಚೆನ್ನಾಗಿ ಬರುತ್ತೆ.

ಆ ಫೇಮಸ್ ಡೈಲಾಗಿನ ವಿಷಯಕ್ಕೆ ಬಂದ್ರೆ, ಈ 11 ಪುಟಗಳಲ್ಲಿ ಬೆನ್ ಅಂಕಲ್ ಅದನ್ನ ಹೇಳೋದೇ ಇಲ್ಲ! ಕೊನೇ ಚೌಕದಲ್ಲಿ ಹುಡುಗ ಕತ್ತಲೆ ರಸ್ತೆಯಲ್ಲಿ ಒಬ್ಬನೇ ನಡ್ಕೊಂಡು ಹೋಗ್ತಿದಾನೆ, ಮೇಲಿನ ಪೆಟ್ಟಿಗೆಯಲ್ಲಿ ಕಥೆ ಹೇಳುವವನ ಮಾತಾಗಿ ಅದು ಬರುತ್ತೆ. ಅಂಕಲ್ ಬಾಯಿಗೆ ಅದನ್ನ ಹಾಕಿದ್ದು ಆಮೇಲಿನವರು. 2002ರ ಸಿನಿಮಾದಲ್ಲಿ ಕಾರಿನೊಳಗೆ ಕೂತು ಬೆನ್ ಹೇಳ್ತಾರೆ, 2021ರಲ್ಲಿ ಮೇ ಆಂಟಿ ಹೇಳ್ತಾರೆ. ಇದು ಬರೀ ಕ್ವಿಜ್ ಪ್ರಶ್ನೆಗೆ ಆಗೋ ವಿಷಯ ಅಲ್ಲ. ಹಿರಿಯರು ಮೊದಲೇ ಹೇಳಿದ್ರೆ ಅದು ಉಪದೇಶ ಆಗುತ್ತೆ, ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡಬಹುದು. ಕಾಮಿಕ್ಸಿನಲ್ಲಿ ಹುಡುಗನಿಗೆ ಯಾರೂ ಉಪದೇಶ ಮಾಡಿರಲಿಲ್ಲ. ಅವನಿಗೆ ಅದು ಗೊತ್ತಾದಾಗ ಹೊತ್ತು ಮೀರಿತ್ತು.

ಶಕ್ತಿ ಬಂದ ಮೇಲೆ ಬದುಕು ಸೆಟಲ್ ಆಯ್ತಾ ಅಂದ್ರೆ ಅದೂ ಇಲ್ಲ. 1963ರಲ್ಲಿ ಬಂದ 'ಅಮೇಜಿಂಗ್ ಸ್ಪೈಡರ್ ಮ್ಯಾನ್' ಮೊದಲ ಸಂಚಿಕೆಯಲ್ಲಿ ಅಂಕಲ್ ಇಲ್ಲದ ಮನೆಗೆ ದುಡ್ಡಿಲ್ಲ, ಮೇ ಆಂಟಿ ಒಡವೆ ಅಡ ಇಡ್ತಾರೆ. ಶೋ ಮಾಡಿದ್ದಕ್ಕೆ ಸ್ಪೈಡರ್ ಮ್ಯಾನ್ ಹೆಸರಲ್ಲೇ ಚೆಕ್ ಬರುತ್ತೆ, ಬ್ಯಾಂಕಿಗೆ ಹೋದ್ರೆ ಐಡಿ ಪ್ರೂಫ್ ಕೇಳ್ತಾರೆ. ಮುಖವಾಡ ಹಾಕಿದವನ ಹತ್ರ ಐಡಿ ಎಲ್ಲಿಂದ ಬರಬೇಕು? ಫೆಂಟಾಸ್ಟಿಕ್ ಫೋರ್ ಹತ್ರ ಹೋಗಿ ಕೆಲಸ ಕೇಳ್ತಾನೆ, ನಮ್ಮಲ್ಲಿ ಸಂಬಳ ಇಲ್ಲಪ್ಪ ಅಂತಾರೆ. ಕೊನೆಗೆ ತನ್ನ ಫೋಟೋ ತಾನೇ ತೆಗೆದು, ತನ್ನನ್ನೇ ದಿನಾ ಬೈಯೋ ಜೇಮ್ಸನ್‌ಗೆ ಮಾರಿ ಮನೆ ನಡೆಸ್ತಾನೆ. 1965ರ 31ನೇ ಸಂಚಿಕೆಯಲ್ಲಿ ಕಾಲೇಜು ಸೇರ್ತಾನೆ. ಆಸ್ಪತ್ರೆಯಲ್ಲಿರೋ ಮೇ ಆಂಟಿ ಚಿಂತೆಯಲ್ಲಿ ಯಾರನ್ನೂ ಮಾತಾಡಿಸಲ್ಲ, ಕ್ಲಾಸಿನವರು ಇವನಿಗೆ ಎಷ್ಟು ಕೊಬ್ಬು ಅಂದ್ಕೋತಾರೆ. ಯಾರೂ ಏನಾಯ್ತೋ ಅಂತ ಕೇಳಲ್ಲ. ನಮಗ್ಯಾಕೆ, ಬಿಡು. ಮೊದಲ ಕಥೆಯಲ್ಲಿ ಅವನು ಹೇಳಿದ್ದನ್ನೇ ಇಲ್ಲಿ ಅವನಿಗೆ ಬೇರೆಯವರು ಮಾಡ್ತಿದಾರೆ.

ಇಷ್ಟು ಹೇಳಿ, ಹಾಗಾದ್ರೆ ಎಲ್ಲರೂ ಎದ್ದು ಏನಾದ್ರೂ ಮಾಡಿ ಅಂತ ಮುಗಿಸಿದ್ರೆ ಅದೂ ಅರ್ಧ ಸತ್ಯ. ಯಾಕಂದ್ರೆ ಜೂನ್ 1973ರ 121ನೇ ಸಂಚಿಕೆ ಇದೆ. ಗೆರಿ ಕಾನ್ವೇ ಬರೆದದ್ದು, ಚಿತ್ರ ಗಿಲ್ ಕೇನ್. ಗ್ರೀನ್ ಗಾಬ್ಲಿನ್ ಪೀಟರ್‌ನ ಪ್ರೇಯಸಿ ಗ್ವೆನ್ ಸ್ಟೇಸಿಯನ್ನ ಸೇತುವೆ ಮೇಲಿಂದ ಬೀಳಿಸ್ತಾನೆ. ಪೀಟರ್ ಬಲೆ ಎಸೆದು ಅವಳ ಕಾಲು ಹಿಡೀತಾನೆ, ಮೇಲೆಳೆದುಕೊಳ್ತಾನೆ, ಕಾಪಾಡಿದೆ ಅಂದ್ಕೋತಾನೆ. ಅವಳು ಸತ್ತಿರ್ತಾಳೆ. ಆ ಚೌಕದಲ್ಲಿ ಅವಳ ಕುತ್ತಿಗೆ ಪಕ್ಕ ಚಟಕ್ ಅನ್ನೋ ಥರದ ಒಂದು ಸಣ್ಣ ಶಬ್ದ ಬರೆದಿದ್ದಾರೆ, ಗಮನ ಇಟ್ಟು ನೋಡದಿದ್ರೆ ಕಾಣಲ್ಲ.

ಮಿನೆಸೋಟ ವಿಶ್ವವಿದ್ಯಾಲಯದ ಫಿಸಿಕ್ಸ್ ಪ್ರೊಫೆಸರ್ ಜೇಮ್ಸ್ ಕಕಾಲಿಯೋಸ್ ಸೂಪರ್‌ಹೀರೋಗಳ ಭೌತಶಾಸ್ತ್ರದ ಬಗ್ಗೆ 2005ರಲ್ಲಿ ಬರೆದ ಪುಸ್ತಕದಲ್ಲಿ ಇದನ್ನ ಚೆನ್ನಾಗಿ ಬಿಡಿಸಿದ್ದಾರೆ. ನಾವು ನಮ್ಮದೇ ಅಂಕಿ ಹಾಕಿ ನೋಡೋಣ, ಫಸ್ಟ್ ಸೆಮ್ ಸಾಕು. ಅವಳು 90 ಮೀಟರ್ ಬಿದ್ದಳು ಅಂತ ಇಟ್ಕೊಳ್ಳಿ. ಎರಡು ಸಲ 9.8 ಸಲ 90 ಅಂದ್ರೆ 1764, ಅದರ ವರ್ಗಮೂಲ 42. ಸೆಕೆಂಡಿಗೆ 42 ಮೀಟರ್, ಗಂಟೆಗೆ 150 ಕಿಲೋಮೀಟರ್ ದಾಟಿತು. ತೂಕ 50 ಕೆಜಿ ಅಂದ್ರೆ ಮೊಮೆಂಟಮ್ 2100. (ಕನ್ನಡ ಮೀಡಿಯಂನಿಂದ ಬಂದ ಗೆಳೆಯರು ಹೈಸ್ಕೂಲಲ್ಲಿ ಇದನ್ನೇ 'ಸಂವೇಗ' ಅಂತ ಕಲಿತಿದ್ದಾರೆ. ನಮಗೆ ಈ ಪದ ಗೊತ್ತಾಗಿದ್ದು ಹೋದ ವರ್ಷ, ಹಾಸ್ಟೆಲ್ ರೂಮಲ್ಲಿ.) ಬಲೆ ಅವಳನ್ನ ಅರ್ಧ ಸೆಕೆಂಡಲ್ಲಿ ನಿಲ್ಲಿಸಿದ್ರೆ ನಿಲ್ಲಿಸೋ ಬಲ 4200 ನ್ಯೂಟನ್, ಅವಳ ತೂಕದ ಎಂಟು ಪಟ್ಟಿಗಿಂತ ಜಾಸ್ತಿ. ಅದೇ ಬಲೆ ಜಗ್ಗಿ ಜಗ್ಗಿ 2 ಸೆಕೆಂಡ್ ತಗೊಂಡಿದ್ರೆ ಬಲ ಅದರ ಕಾಲು ಭಾಗ. ಕಾರಿನ ಏರ್‌ಬ್ಯಾಗೂ ಬಂಡೆ ಹತ್ತೋರ ಹಗ್ಗವೂ ಮಾಡೋದು ಇಷ್ಟೇ, ನಿಲ್ಲೋಕೆ ಸ್ವಲ್ಪ ಟೈಮ್ ಕೊಡ್ತವೆ. ಅವಳು ಬಿದ್ದಿದ್ದಕ್ಕೆ ಸಾಯಲಿಲ್ಲ, ಒಂದೇ ಏಟಿಗೆ ನಿಂತಿದ್ದಕ್ಕೆ ಸತ್ತಳು.

ಕಳ್ಳನನ್ನ ಬಿಟ್ಟಾಗ ಅವನು ಏನೂ ಮಾಡಿರಲಿಲ್ಲ. ಇಲ್ಲಿ ಎಲ್ಲ ಮಾಡಿದ, ಒಳ್ಳೇ ಮನಸ್ಸಿಂದ, ತಕ್ಷಣ ಮಾಡಿದ. ಸಹಾಯ ಕೂಡ ಸರಿಯಾದ ವೇಗದಲ್ಲಿ ಮಾಡಬೇಕಾದ ಕೆಲಸ ಅಂತ ಒಂದು 1973ರ ಮಕ್ಕಳ ಕಾಮಿಕ್ಸ್ ಹೇಳುತ್ತೆ. ಈ ಮಾತನ್ನ ಕೈಲಿ ಇಟ್ಟುಕೊಂಡಿರಿ, ಸ್ವಲ್ಪ ಹೊತ್ತಿಗೆ ಬೇಕಾಗುತ್ತೆ.

ಮತ್ತೆ ಕಚ್ಚೋ ವಿಷಯಕ್ಕೆ. 2004ರಲ್ಲಿ ಮಾರ್ವೆಲ್ ಜೊತೆ ಸೇರಿ ನಮ್ಮ ದೇಶದವರೇ ಒಬ್ಬ ಸ್ಪೈಡರ್ ಮ್ಯಾನ್ ಮಾಡಿದ್ರು. ಪವಿತ್ರ್ ಪ್ರಭಾಕರ್, ಮುಂಬೈ ಹುಡುಗ, ಪಂಚೆ ಉಟ್ಟ ಸ್ಪೈಡರ್ ಮ್ಯಾನ್. ಚಿತ್ರ ಜೀವನ್ ಕಾಂಗ್. 2023ರ 'ಅಕ್ರಾಸ್ ದ ಸ್ಪೈಡರ್ ವರ್ಸ್' ಸಿನಿಮಾದಲ್ಲೂ ಅವನು ಇದ್ದಾನೆ, ಆ ಸಿನಿಮಾ ಕನ್ನಡದಲ್ಲೂ ಬಂತು. ಕಾಮಿಕ್ಸಿನ ಪವಿತ್ರನಿಗೆ ವಿಕಿರಣದ ಜೇಡ ಕಚ್ಚಲ್ಲ, ಒಬ್ಬ ಯೋಗಿ ಶಕ್ತಿ ಕೊಡ್ತಾನೆ. ಓದೋಕೆ ಚೆನ್ನಾಗಿದೆ, ಆದರೆ ಅಲ್ಲಿ ಒಂದು ಮುಖ್ಯ ಸ್ಕ್ರೂ ಕಳಚಿಹೋಗಿದೆ ಅನ್ನೋದು ನಮ್ಮ ಅಭಿಪ್ರಾಯ. ನಮ್ಮ ಪುರಾಣಗಳಲ್ಲಿ ಶಕ್ತಿ ಬರೋದು ತಪಸ್ಸಿಂದ, ವರದಿಂದ. ಸಿಕ್ಕವನು ಅದಕ್ಕೆ ಅರ್ಹ ಅನ್ನೋ ಲೆಕ್ಕ ಅದರೊಳಗೇ ಇದೆ. ಪೀಟರ್ ಯಾವ ತಪಸ್ಸೂ ಮಾಡಿರಲಿಲ್ಲ. ಆ ಹಾಲಿನಲ್ಲಿ ಎಷ್ಟೋ ಜನ ನಿಂತಿದ್ರು, ಜೇಡ ಇವನ ಕೈ ಮೇಲೆ ಬಿತ್ತು. ಅದೊಂದು ಆಕಸ್ಮಿಕ. ಆಕಸ್ಮಿಕವಾಗಿ ಸಿಕ್ಕಿದ್ದು ಅಂತ ಗೊತ್ತಿದ್ದವನಿಗೆ ಮಾತ್ರ ಅದು ಭಾರ ಅನ್ಸುತ್ತೆ. ವರ ಅಂದ್ಕೊಂಡವನು ಎದೆ ಉಬ್ಬಿಸಿ ಓಡಾಡ್ತಾನೆ.

2011ರಲ್ಲಿ ಬ್ರಯನ್ ಮೈಕಲ್ ಬೆಂಡಿಸ್ ಮತ್ತು ಚಿತ್ರಕಾರ್ತಿ ಸಾರಾ ಪಿಕೆಲ್ಲಿ ಸೃಷ್ಟಿಸಿದ ಮೈಲ್ಸ್ ಮೊರಾಲೆಸ್ ಕಥೆಯಲ್ಲಿ ಇದು ಇನ್ನೂ ಸ್ಪಷ್ಟ. ಅವನಿಗೆ ಒಳ್ಳೇ ಶಾಲೆಯ ಸೀಟ್ ಸಿಗೋದು ಲಾಟರಿಯಲ್ಲಿ. ಅಪ್ಪ ಅಮ್ಮನಿಗೆ ಖುಷಿಯೋ ಖುಷಿ. ಸೀಟ್ ಅನ್ನೋ ಪದ ಕೇಳಿದ ಕೂಡಲೇ ನಮಗೆ ಸಿಇಟಿ ಕೌನ್ಸೆಲಿಂಗ್ ನೆನಪಾಗೋದು ಸಹಜ. ಅದು ಲಾಟರಿ ಅಲ್ಲ, ರ‍್ಯಾಂಕ್, ನಾವು ಓದಿ ತಗೊಂಡಿದ್ದು ಅಂತೀರಿ. ಸರಿ. ಆದರೆ ಯಾವ ಭಾಷೆಯಲ್ಲಿ ಓದಿ?

ಇದನ್ನೇ ಹೇಳಬೇಕು ಅಂತ ಇಷ್ಟು ಸುತ್ತಿ ಬಂದಿದ್ದು. ನಮಗೆ, ಅಂದ್ರೆ ಈ ಕ್ಯಾಂಪಸ್ಸಿನಲ್ಲಿರೋ ಇಂಗ್ಲಿಷ್ ಮೀಡಿಯಂ ಮಂದಿಗೆ, ಎಲ್‌ಕೆಜಿಯಲ್ಲೇ ಜೇಡ ಕಚ್ಚಿದೆ. ಮೂರೂವರೆ ವರ್ಷದಲ್ಲಿ ಟೈ ಕಟ್ಟಿ ವ್ಯಾನ್ ಹತ್ತಿಸಿದ್ರು, ಹತ್ತಿದ್ವಿ. ನಮ್ಮಪ್ಪ ಸಾಲ ಮಾಡಿ ಫೀಸ್ ಕಟ್ಟಿದ್ದು, ಆಕಸ್ಮಿಕ ಹೇಗಾಗುತ್ತೆ ಅಂತ ನಮ್ಮಲ್ಲೇ ಒಬ್ಬರು ಜಗಳಕ್ಕೆ ಬಂದ್ರು. ಕಷ್ಟ ಪಟ್ಟಿದ್ದು ಅಪ್ಪ. ಮಗುವಿಗೆ ಅದು ಆಕಸ್ಮಿಕವೇ. ಪಕ್ಕದ ರೂಮಿನ ಹುಡುಗನ ಅಪ್ಪನೂ ಅಷ್ಟೇ ಕಷ್ಟ ಪಟ್ಟಿದ್ದಾರೆ, ಅವರ ಊರಲ್ಲಿ ಇದ್ದದ್ದು ಸರ್ಕಾರಿ ಕನ್ನಡ ಶಾಲೆ. ಹತ್ತನೇ ಕ್ಲಾಸಿನವರೆಗೆ ಸಂವೇಗ, ವೇಗೋತ್ಕರ್ಷ ಅಂತ ಓದಿ, ಪಿಯುಸಿ ಸೈನ್ಸಿನಲ್ಲಿ ಎಲ್ಲ ಹೆಸರೂ ರಾತ್ರೋರಾತ್ರಿ ಬದಲಾಗಿ, ಎರಡೇ ವರ್ಷದಲ್ಲಿ ಅದನ್ನ ದಾಟಿ ರ‍್ಯಾಂಕ್ ತಗೊಂಡು ಇಲ್ಲಿಗೆ ಬಂದವರು ಅವರು. ಬಲೆ ತಾವೇ ಮಾಡಿಕೊಂಡವರು. ನಮ್ಮದು ಮಣಿಕಟ್ಟಿಂದ ಬಂದ ಬಲೆ.

ಈಗ ಫಸ್ಟ್ ಇಯರ್ ವೈವಾ ನೋಡಿ. ಉತ್ತರ ಗೊತ್ತಿದೆ, ಗೊತ್ತಿರೋದು ಮುಖದಲ್ಲೇ ಕಾಣುತ್ತೆ, ಬಾಯಿಂದ ಇಂಗ್ಲಿಷಲ್ಲಿ ಹೊರಗೆ ಬರ್ತಿಲ್ಲ. ಎಕ್ಸಾಮಿನರ್ ಕಾಯ್ತಾರೆ, ಆಮೇಲೆ ನೆಕ್ಸ್ಟ್ ಅಂತಾರೆ. ಸೆಮಿನಾರ್ ಕೊಡೋವಾಗ ಒಂದು ಉಚ್ಚಾರಣೆ ಹೆಚ್ಚುಕಮ್ಮಿ ಆದ್ರೆ ಹಿಂದಿನ ಬೆಂಚಿಂದ ಕಿಸಕ್ ಅಂತ ಒಂದು ನಗು ಬರುತ್ತೆ. 1962ರ ಮೊದಲ ಪುಟದಲ್ಲಿ ನಗ್ತಾ ನಿಂತ ಗುಂಪು ಅದೇ. ಡೌಟ್ ಇದ್ರೂ ಕೈ ಎತ್ತಲ್ಲ, ಎರಡನೇ ಇಂಟರ್ನಲ್ಸ್ ಹೊತ್ತಿಗೆ ಕ್ಲಾಸಿಗೇ ಬರಲ್ಲ, ಬ್ಯಾಕ್‌ಲಾಗ್ ಆಯ್ತು ಅಂತ ಯಾರೋ ಹೇಳ್ತಾರೆ. ದಡ್ಡ ಇರಬೇಕು ಅಂತ ಇನ್ಯಾರೋ ಹೇಳ್ತಾರೆ. ಲಿಫ್ಟ್ ಬಾಗಿಲು ಮುಚ್ಚಿತು.

ಇಲ್ಲಿ ಬೇಕಾಗಿರೋದು ಕಾಲು ಅಡ್ಡ ಇಡೋವಷ್ಟು ಕೆಲಸ. ಡೀನ್ ಆಗಬೇಕಿಲ್ಲ, ಎನ್‌ಜಿಓ ಕಟ್ಟಬೇಕಿಲ್ಲ, 20 ಲಕ್ಷದ ಪ್ಯಾಕೇಜ್ ಬರೋವರೆಗೆ ಕಾಯಬೇಕಿಲ್ಲ. ಈ ಪ್ರಾಬ್ಲಮ್ ಸ್ಟೇಟ್‌ಮೆಂಟ್ ಕೇಳ್ತಿರೋದು ಏನು ಅಂತ ಕನ್ನಡದಲ್ಲಿ ಎರಡು ವಾಕ್ಯ ಹೇಳಿದ್ರೆ ಮಿಕ್ಕಿದ್ದನ್ನ ಅವರೇ ಮಾಡ್ತಾರೆ, ಎಷ್ಟೋ ಸಲ ನಮಗಿಂತ ಬೇಗ.

ಮತ್ತೆ ಆ ಸೇತುವೆ ನೆನಪಿರಲಿ. ಒಳ್ಳೇ ಮನಸ್ಸಿಂದಲೇ ಎಲ್ಲರ ಮುಂದೆ ಉಚ್ಚಾರಣೆ ತಿದ್ದೋರಿದ್ದಾರೆ. ನೀನು ದಿನಾ ಇಂಗ್ಲಿಷ್ ಪೇಪರ್ ಓದು ಮಗಾ ಅಂತ ಕ್ಯಾಂಟೀನಲ್ಲಿ ಜೋರಾಗಿ ಸಲಹೆ ಕೊಡೋರಿದ್ದಾರೆ. ವಾಕ್ಯ ಮಧ್ಯದಲ್ಲಿ ತಡವರಿಸಿದ ಕೂಡಲೇ ಬಾಯಿ ಹಾಕಿ ತಾವೇ ಮುಗಿಸೋರಿದ್ದಾರೆ. ಅದು ಅರ್ಧ ಸೆಕೆಂಡಿನ ಬಲೆ. ಬೀಳೋದು ನಿಲ್ಲುತ್ತೆ, ಒಳಗೆ ಎಲ್ಲೋ ಚಟಕ್ ಅನ್ನುತ್ತೆ. ಅವರು ತಡವರಿಸಿ ಮುಗಿಸೋವರೆಗೆ ಆ ಎರಡು ಸೆಕೆಂಡ್ ಸುಮ್ಮನಿರೋದು ದೊಡ್ಡ ತ್ಯಾಗ ಏನಲ್ಲ.

ಇದು ಒನ್ ವೇ ಅಲ್ಲ ಅನ್ನೋದನ್ನೂ ಹೇಳಬೇಕು. ಕಚ್ಚಿಸಿಕೊಂಡಿದ್ದರಿಂದ ನಮಗೆ ಆದ ನಷ್ಟ ಈ ಬರಹದಲ್ಲೇ ಕಾಣ್ತಿರಬಹುದು. ಒತ್ತಕ್ಷರ, ಅಲ್ಪಪ್ರಾಣ, ಮಹಾಪ್ರಾಣ ತಿದ್ದಿಕೊಟ್ಟಿದ್ದು ಕನ್ನಡ ಮೀಡಿಯಂ ರೂಮ್‌ಮೇಟು. 'ಬಾಲಂಗೋಚಿ' ಅನ್ನೋ ಪದ ಕೂಡ ಅವನದ್ದೇ, ನಾವು ಸೈಡ್‌ಕಿಕ್ ಅಂತ ಬರೆದಿದ್ವಿ. ಅವನು ತಿದ್ದುವಾಗ ನಗಲಿಲ್ಲ, ಟೀ ಕೊಡ್ಸು ಅಂದ ಅಷ್ಟೇ.

ಸೆಕೆಂಡ್ ಇಯರಿನ ನಾವು ಐದು ಜನ ಈ ಸೆಮ್ ಪ್ರತಿ ಗುರುವಾರ ಸಂಜೆ 4.30ಕ್ಕೆ ಲೈಬ್ರರಿ ಹಿಂದಿನ ಕಲ್ಲುಬೆಂಚಲ್ಲಿ ಕೂರ್ತಿದ್ದೀವಿ. ಫಸ್ಟ್ ಇಯರ್ ಮೆಕ್ಯಾನಿಕ್ಸು, ಬೇಸಿಕ್ ಎಲೆಕ್ಟ್ರಿಕಲ್ಲು. ವಿವರಣೆ ಕನ್ನಡದಲ್ಲಿ, ಪರೀಕ್ಷೆಯಲ್ಲಿ ಬರೆಯೋ ಪದಗಳು ಇಂಗ್ಲಿಷಲ್ಲಿ. ಕೊನೇ ಅರ್ಧ ಗಂಟೆ ವೈವಾ ಪ್ರಾಕ್ಟೀಸ್, ಅಲ್ಲಿ ಯಾರೂ ಯಾರ ಮಾತನ್ನೂ ಮಧ್ಯದಲ್ಲಿ ಕತ್ತರಿಸೋ ಹಾಗಿಲ್ಲ. ಹೇಳಿಕೊಡೋಕೆ ಬರೋ ಸೀನಿಯರ್ಸೂ ಬೇಕು, ಐದು ಜನ ಸಾಲಲ್ಲ. ಈ ವಾರ ಫ್ರೀ ಬಾಡಿ ಡಯಾಗ್ರಾಮ್. ಕ್ಯಾಲ್ಕುಲೇಟರ್ ನಿಮ್ಮದೇ ತನ್ನಿ, ನಮ್ಮ ಹತ್ರ ಇರೋದು ಎರಡೇ.